ಕಪ್ಪು ಕೋಟಿನ ಅಳತೆ

ಶಿವರಾಂಪೇಟೆಯ ಟೈಲರ್ ಇನಾಯತ್ ಸಾಬರು
ನನ್ನ ಭುಜಕ್ಕೆ ಟೇಪು ಹಿಡಿದು ಎರಡು ಸಲ ಅಳೆದರು,
ಕನ್ನಡಕ ಒರೆಸಿಕೊಂಡು ಮೂರನೆಯ ಸಲ.
"ಇಷ್ಟಗಲದ ಲೇಡೀಸ್ ಕೋಟು ನಾನು ಹೊಲಿದೇ ಇಲ್ಲಮ್ಮ."

ಹದಿನಾರು ವರ್ಷ ರೈಲ್ವೆ ಸಂಬಳ ಉಂಡು
ಒಂದು ಟಿಕೆಟ್ಟನ್ನೂ ಕೇಳದ ಟಿಕೆಟ್ ಪರೀಕ್ಷಕಿ ನಾನು.
ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ
ಹದಿನಾರು ವರ್ಷವೂ ಒಂದೇ ಷರಾ: ಆಟಕ್ಕೆ ಹೋಗಿದ್ದಾರೆ.
ಐದನೆಯದೂ ಹೆಣ್ಣೇ ಆಯಿತೆಂದು
ಸಾಕಮ್ಮ ಎಂದಿಟ್ಟರಂತೆ ಕೀಲಾರದ ಮನೆಯಲ್ಲಿ;
ಇಷ್ಟು ದಿನಕ್ಕೆ ಆ ಹೆಸರು
ರೈಲ್ವೆಗೂ ಅರ್ಥವಾಗಿದೆ.

ಮಾರ್ಚಿಗೆ ಮುಗಿಯುತ್ತದೆ. ಯಾರೂ ಸೀಟಿ ಊದುವುದಿಲ್ಲ.
ಒಂದು ಸುತ್ತೋಲೆ ಬರುತ್ತದೆ,
ಕೆಳಗೆ ಹಸಿರು ಇಂಕಿನ ಸಹಿ.

ಅದಕ್ಕೇ ಈಗಿನಿಂದ ತಾಲೀಮು.
ಬೆಳಗ್ಗೆ ಮೈದಾನ, ಆಮೇಲೆ ಮಂಡಿಗೆ ಐಸು,
ಮಧ್ಯಾಹ್ನ ಯಾದವಗಿರಿ ಕ್ವಾರ್ಟರ್ಸಿನಲ್ಲಿ
ಕುಕ್ಕರಿನ ಎರಡು ಕೂಗಿನ ನಡುವೆ ಬಾಯಿಪಾಠ:
ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ,
ಚಂದಗಿರಿಕೊಪ್ಪಲು, ಬ್ಯಾಡರಹಳ್ಳಿ, ಯಲಿಯೂರು, ಮಂಡ್ಯ.
ಹಿಂದೆ ಹೀಗೇ ಎದುರು ತಂಡದವರನ್ನು ಒಪ್ಪಿಸುತ್ತಿದ್ದೆ,
ಯಾರು ಎಡಕ್ಕೆ ಹೊಡೆಯುತ್ತಾಳೆ,
ಯಾರಿಗೆ ಮೇಲಿನ ಮೂಲೆಯ ಆಸೆ.
ಈಗ ಯಾರಿಗೆ ಅರ್ಧ ದರ, ಯಾರಿಗೆ ದಂಡ,
ಯಾವ ಪಾಸು ಎಲ್ಲಿಯ ತನಕ.

ಪ್ಯಾಡುಗಳನ್ನು ಮಾರುವುದೋ ಇಟ್ಟುಕೊಳ್ಳುವುದೋ
ತಿಂಗಳುಗಟ್ಟಲೆ ತೀರ್ಮಾನವಾಗಲಿಲ್ಲ.
ಪಕ್ಕದ ಮನೆಯ ಬೆಕ್ಕು ಹಳೆಯ ಜೋಡಿಯ ನಡುವೆ ಮರಿ ಹಾಕಿ
ನನ್ನ ಪರವಾಗಿ ತೀರ್ಮಾನಿಸಿತು.

ಕಲಿಸುವವಳು ಜಸಿಂತಾ. ಫುಲ್‌ಬ್ಯಾಕ್.
ಹನ್ನೊಂದು ವರ್ಷ ನಾನು ನೋಡಿದ್ದು ಅವಳ ಬೆನ್ನು.
ನನಗಿಂತ ಮೊದಲು ಕೋಟು ತೊಟ್ಟವಳು ಹೇಳಿದಳು:
"ಮೊದಲ ತಿಂಗಳು ಅಳು ಬರುತ್ತೆ ಕಣೇ.
ಕಣ್ಣಿಗಲ್ಲ, ಕಾಲಿಗೆ."

ಮೊನ್ನೆ ಶನಿವಾರ ಅವಳ ಜೊತೆ ಮೊದಲ ಗಾಡಿ.
ಬಾಗಿಲಲ್ಲಿ ಬೆಲ್ಲದ ಪೆಟ್ಟಿಗೆ, ಬಾಳೆಗೊನೆ,
ಒಬ್ಬ ಅಜ್ಜಿಯ ಮಡಿಲಲ್ಲಿ ಉಸಿರಾಡುವ ಕೈಚೀಲ.
"ಟಿಕೆಟ್" ಅಂದೆ.
ಗೋಲಿನ ಬಾಯಲ್ಲಿ ನಿಂತು ಡಿಫೆನ್ಸಿಗೆ ಕೂಗುವ ದನಿ ಅದು,
ಬೇರೊಂದು ದನಿ ನನ್ನಲ್ಲಿಲ್ಲ.
ಅಜ್ಜಿ ಎರಡೂ ಕೈ ಮೇಲೆತ್ತಿದಳು.
ಚೀಲದೊಳಗಿನ ಕೋಳಿ ಕೂಡ ಸುಮ್ಮನಾಯಿತು.

ಪಾಂಡವಪುರ ದಾಟಿದ ಮೇಲೆ ಒಬ್ಬ ಹುಡುಗ ಎದ್ದ.
ಕಣ್ಣು ಎಡಕ್ಕೆ,
ಸೊಂಟ ಬಲಕ್ಕೆ.
ಸೊಂಟ ಸುಳ್ಳು ಹೇಳುವುದಿಲ್ಲ;
ನಾನು ಓದಿದ ಶಾಸ್ತ್ರ ಅದೊಂದೇ.
ಬುದ್ಧಿಗೆ ಸುದ್ದಿ ಮುಟ್ಟುವ ಮೊದಲೇ ಕಾಲು ಹೋಗಿತ್ತು,
ಎರಡೂ ಕೈ ಅಗಲ,
ಕೋಟಿನ ಕಂಕುಳು ಪರ್ರನೆ ಬಿಚ್ಚಿ
ಹುಡುಗ ನನ್ನ ಮೊಣಕಾಲಿಗೆ ಬಡಿದು ನಿಂತ.
"ಟಿಕೆಟ್ಟು ಅದೆ ಕಣಕ್ಕೋ," ಜೇಬು ತಡಕಿ ತೋರಿಸಿದ,
"ವಾಂತಿ ಬತ್ತಾ ಅದೆ, ಬುಡು."

ಇಡೀ ಬೋಗಿ ನಕ್ಕಿತು.
ಜಸಿಂತಾ ಕಿಟಕಿಯ ಕಡೆ ತಿರುಗಿ ನಿಂತಳು,
ಆ ಬೆನ್ನು ನಗುವಾಗ ಹೇಗೆ ಕುಣಿಯುತ್ತದೆಂದು
ನನಗೆ ಗೊತ್ತಿಲ್ಲವೆ?
ಬರುವುದಕ್ಕೆ ದಾರಿ ಬಿಡುವುದನ್ನು
ಈ ಮೈಗೆ ಯಾರೂ ಕಲಿಸಿರಲಿಲ್ಲ.
ಅದು ಸರಿಯಿತು, ಒಂದು ಗೇಣು,
ಆಮೇಲೆ ಇನ್ನೊಂದು ಗೇಣು.

ಸಂಜೆ ಇನಾಯತ್ ಸಾಬರು ಹರಿದ ಕಂಕುಳು ನೋಡಿ
ಏನೂ ಕೇಳಲಿಲ್ಲ.
ಎರಡಿಂಚು ಬಟ್ಟೆ ಕೂಡಿಸಿ, ದಾರ ಹಲ್ಲಲ್ಲಿ ಕಡಿದು,
"ಒಮ್ಮೆ ಕೈ ಚಾಚಿ ನೋಡಮ್ಮ" ಅಂದರು.
ಚಾಚಿದೆ.
ಕನ್ನಡಿಯ ಎರಡೂ ಅಂಚು ದಾಟಿ ಹೋಯಿತು.

ನಾಳೆ ಐದಕ್ಕೆ ಮೈದಾನ.
ಇನ್ನೂ ಫೆಬ್ರವರಿ.